ದಣಿದವರನ್ನು ದ್ರೋಹಿ ಅನ್ನಬ್ಯಾಡ್ರಿ

(ಹಿರೇವಡ್ಡಟ್ಟಿಯ ಕೇರಿಯಲ್ಲಿ ಸೇರಿದ ಸಭೆಯಲ್ಲಿ ಆಡಿದ ಮಾತುಗಳ ಬರಹ. ಕೆಲವು ಕಡೆ ಆಡಿದ ಹಾಗೆಯೇ ಬಿಟ್ಟಿದ್ದೇವೆ.)



ಕರಪತ್ರದಲ್ಲಿ ನಮ್ಮ ಹೆಸರಿನ ಮುಂದೆ "ಚಳವಳಿಯ ಮುಂದಿನ ಹೆಜ್ಜೆ" ಅಂತ ವಿಷಯ ಹಾಕಿದ್ದಾರೆ. ಮುಂದಿನ ಹೆಜ್ಜೆಯ ಮಾತಿಗಿಂತ ಮೊದಲು ಆ ಹೆಜ್ಜೆ ಇಡುವವರ ಮಾತು ಆಡಬೇಕು ಅಂತ ನಾವು ಬಂದೀವಿ. ಅವರು ಸೋತಾರ. ಮೈ ಸೋತದ್ದಲ್ಲ, ಮನಸ್ಸು ಸೋತದ್ದು.

ಮೈ ದಣಿವು ನಮಗೆ ಹೊಸದೇನಲ್ಲ. ಎರಿಹೊಲದಾಗ ದಿನವಿಡೀ ಹತ್ತಿ ಬಿಡಿಸಿ, ಉಳ್ಳಾಗಡ್ಡಿ ಕಿತ್ತು, ಮೆಣಸಿನಕಾಯಿ ಘಾಟಿಗೆ ಕೆಮ್ಮಿ, ಟಂಟಂನಲ್ಲಿ ಕುರಿ ತುಂಬಿದಂಗ ತುಂಬಿಕೊಂಡು ಮನೆಗೆ ಬಂದು, ರೊಟ್ಟಿ ತಿಂದು ಮಲಗಿದರೆ ಮುಂಜಾನೆಗೆ ಅದು ಅರ್ಧ ಇಳಿದಿರುತ್ತದೆ. ನಾವು ಹೇಳುತ್ತಿರುವುದು ಮಲಗಿ ಎದ್ದರೂ ಇಳಿಯದ ದಣಿವು. ನಮ್ಮ ಅವ್ವಂದಿರು "ಜೀವಾ ಸಾಕಾಗೈತಿ" ಅಂತಾರಲ್ಲ, ಅದು. ಹುಟ್ಟಿದಾಗಿನಿಂದ ಈ ಮಾತು ಕೇಳೀವಿ. ಕೇಳಿ ಕೇಳಿ, ಅದಕ್ಕೆ ಒಂದು ಅರ್ಥ ಐತಿ ಅನ್ನೋದನ್ನೇ ಮರೆತೀವಿ.

ಮೊದಲು ನಮ್ಮ ತಪ್ಪು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇವೆ.

ನಮ್ಮ ಬಳಗದಲ್ಲಿ ಒಬ್ಬ ಗೆಳೆಯ. ಹೆಸರು ಬ್ಯಾಡ, ಇಲ್ಲಿ ಕೂತ ಅರ್ಧ ಮಂದಿಗೆ ಗೊತ್ತು. ಆರು ವರ್ಷ ಈ ಸುತ್ತಿನ ಕೇರಿಗಳ ಕೆಲಸವೆಲ್ಲ ಅವನ ಹೆಗಲ ಮೇಲೆ ಇತ್ತು. ಜಾತಿ ಪ್ರಮಾಣಪತ್ರ ಬೇಕಾದರೆ ಅವನು. ಹಾಸ್ಟೆಲ್ ಸೀಟು ಸಿಗಲಿಲ್ಲ ಅಂದರೆ ಅವನು. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟರೆ ಠಾಣೆಗೆ ಹೋಗಿ ದೂರು ಬರೆಸುವವನು ಅವನು. ಬಾಣಂತಿಗೆ ರಕ್ತ ಬೇಕು ಅಂದರೆ ನಡುರಾತ್ರಿ ಗದಗಿಗೆ ಓಡುವವನೂ ಅವನೇ. ನಾವು ಏನು ಮಾಡುತ್ತಿದ್ದೆವು? ಭಾಷಣ ಮಾಡುತ್ತಿದ್ದೆವು, ಹಾಡು ಹೇಳುತ್ತಿದ್ದೆವು, "ಅವನಿಗೆ ಫೋನ್ ಹಚ್ಚರಿ, ಅಂವ ನೋಡ್ಕೋತಾನ" ಅನ್ನುತ್ತಿದ್ದೆವು.

ಒಂದು ದಿನ ಅವನು ಸಭೆಗೆ ಬರುವುದು ಬಿಟ್ಟ. ಫೋನು ಬಂದಾತು. ಮನೆಗೆ ಹೋದರೆ "ಇಲ್ಲ" ಅನ್ನಿಸಿದ. ಯಾರೋ ಅಂದರು, ಗೌಡರ ಹೊಲ ಲಾವಣಿಗೆ ಹಿಡಿದಾನಂತ, ಅಲ್ಲೇ ಕೈ ಜೋಡಿಸ್ಯಾನ. ಇನ್ನೊಬ್ಬರು ಅಂದರು, ಎಲೆಕ್ಷನ್ನಿನಾಗ ರೊಕ್ಕ ಮುಟ್ಟೈತಿ. ನಾವು ಪದ ಕಟ್ಟುವವರು, ಕೈಯಲ್ಲಿ ಅದೊಂದೇ ಆಯುಧ. ಅವನ ಮೇಲೊಂದು ಪದ ಕಟ್ಟಿದೆವು. ಮಾರಿಕೊಂಡವನ ಪದ. ಏಪ್ರಿಲ್ 14ರ ಜಯಂತಿಯ ದಿನ ಹಲಗಿ ಬಡಿದು ಹಾಡಿದೆವು. ಮಂದಿ ಚಪ್ಪಾಳೆ ತಟ್ಟಿದರು, ಇನ್ನೊಮ್ಮೆ ಅಂದರು, ಇನ್ನೊಮ್ಮೆಯೂ ಹಾಡಿದೆವು. ಅವನು ಬೇವಿನ ಗಿಡದ ಹಿಂದೆ ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ನಿಂತಿದ್ದನಂತೆ. ನಮಗೆ ಆಮೇಲೆ ಗೊತ್ತಾಯಿತು.

ಎರಡು ದಿನ ಬಿಟ್ಟು ಅವನ ಹೆಂಡತಿ ನೀರಿನ ಟಾಕಿಯ ಹತ್ತಿರ ನಮ್ಮನ್ನು ತರುಬಿದಳು. "ಅಣ್ಣಾ, ನಿಮ್ಮ ಪದಾ ಛಲೋ ಇತ್ತು. ಆದ್ರ ಅವರು ನಾಕು ತಿಂಗಳಾತು ಕಣ್ತುಂಬ ನಿದ್ದಿ ಮಾಡಿಲ್ಲ. ಫೋನ್ ಹೊಡಕೊಂಡ್ರ ಕೈ ನಡಗತಾವ. ಮಗಳು ಅಪ್ಪಾ ಅಂದ್ರ ಹೊಳ್ಳಿ ನೋಡಂಗಿಲ್ಲ. ಯಾರಿಗೆ ಮಾರಿಕೊಂಡಾರ ಅವರು? ಮಾರಿಕೊಳ್ಳಾಕ ಅವರ ಕಡೆ ಏನ್ ಉಳದೈತಿ?"

ನಮ್ಮ ಬಾಯಿಂದ ಮಾತು ಬರಲಿಲ್ಲ. ಬಿ.ಎ. ಓದಿದ ಬಾಯಿ.

ಅವತ್ತಿನಿಂದ ನಾವು ಈ ದಣಿವಿನ ಬಗ್ಗೆ ಓದಲಿಕ್ಕೆ, ಕೇಳಲಿಕ್ಕೆ ಹತ್ತೀವಿ. 1974ರಲ್ಲಿ ನ್ಯೂಯಾರ್ಕಿನ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ ಇದರ ಮೇಲೆ ಲೇಖನ ಬರೆದು 'ಬರ್ನ್‌ಔಟ್' ಎಂಬ ಹೆಸರು ಕೊಟ್ಟ. ಚಿಕ್ಕವನಿದ್ದಾಗ ಹಿಟ್ಲರನ ಜರ್ಮನಿಯಿಂದ ಜೀವ ಉಳಿಸಿಕೊಂಡು ಓಡಿಬಂದ ಯಹೂದಿ ಆತ. ಈಗ ಈ ಮಾತನ್ನು ದೊಡ್ಡ ಕಂಪನಿಯವರು, ಎ.ಸಿ. ಕೋಣೆಯವರು ತಮ್ಮದು ಮಾಡಿಕೊಂಡಾರ. ಆದರೆ ಆತ ಇದನ್ನು ಮೊದಲು ಕಂಡದ್ದು ಸಾಹೇಬರಲ್ಲಿ ಅಲ್ಲ. ಮಾದಕ ಚಟಕ್ಕೆ ಬಿದ್ದ ಬಡ ಹುಡುಗರಿಗೆ ಪುಕ್ಕಟೆ ಔಷಧಿ ಕೊಡುವ ದವಾಖಾನೆಯಲ್ಲಿ, ಸಂಬಳ ಇಲ್ಲದೆ ದುಡಿಯುತ್ತಿದ್ದ ಸ್ವಯಂಸೇವಕರಲ್ಲಿ. ಹಗಲೆಲ್ಲ ತನ್ನ ಕೆಲಸ ಮಾಡಿ ರಾತ್ರಿ ಅಲ್ಲಿಗೆ ಹೋಗುತ್ತಿದ್ದ ತನ್ನಲ್ಲೂ ಕಂಡ. ಅಂದರೆ ಇದು ಮೊದಲಿಗೆ ಗುರುತಾದದ್ದೇ ಜನಕ್ಕಾಗಿ ದುಡಿಯುವವರ ರೋಗವಾಗಿ. ಮನಸ್ಸಿಟ್ಟು ದುಡಿದವರಿಗೇ ಇದು ಬೇಗ ಹತ್ತುತ್ತದೆ ಅಂತ ಆತ ಕಂಡುಕೊಂಡ.

ಅದೇ ಕಾಲಕ್ಕೆ ನಮ್ಮ ನಾಡಿನಲ್ಲಿ ಏನು ನಡೆದಿತ್ತು? 1973ರ ಕೊನೆಗೆ ಬಸವಲಿಂಗಪ್ಪನವರ ಬೂಸಾ ಮಾತಿನ ಗಲಾಟೆ. ಹಾಸ್ಟೆಲುಗಳಲ್ಲಿ ನಮ್ಮ ಹುಡುಗರಿಗೆ ಹೊಡೆತ. ಅದರ ಬೆನ್ನಿಗೇ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರು, ಮತ್ತೆ ಎಷ್ಟೋ ಮಂದಿ ಕೂಡಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಆ ತಲೆಮಾರಿನವರು ಬಸ್‌ಸ್ಟ್ಯಾಂಡಿನಲ್ಲಿ ಮಲಗಿ, ಚುರುಮುರಿ ತಿಂದು ಊರೂರು ತಿರುಗಿದರು. ನಾವು ಓದಿದ ಪುಸ್ತಕಗಳಲ್ಲಿ ಅವರ ಹೋರಾಟದ ಲೆಕ್ಕ ಬೇಕಾದಷ್ಟು ಐತಿ, ದಣಿವಿನ ಲೆಕ್ಕ ಬಹಳ ಕಡಿಮೆ. ಮುಂದೆ ಸಂಘ ಒಡೆಯಿತು, ಒಡೆದದ್ದು ಮತ್ತೆ ಒಡೆಯಿತು. ಅದರಲ್ಲಿ ತತ್ವಕ್ಕೆ ಆದ ಒಡಕು ಎಷ್ಟು, ದಣಿವಿಗೆ ಆದ ಒಡಕು ಎಷ್ಟು ಅಂತ ಯಾರಾದರೂ ಹಿರಿಯರು ಕೂತು ಬರೆದರೆ ನಮ್ಮಂಥವರಿಗೆ ಉಪಕಾರ.

ಇದನ್ನು ಗುರುತು ಹಿಡಿಯೋದು ಹ್ಯಾಂಗ? 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದು ಕೆಲಸದಿಂದ ಬರುವ ಸ್ಥಿತಿ ಅಂತ ಬರೆದು ಮೂರು ಗುರುತು ಹೇಳಿತು: ಶಕ್ತಿಯೆಲ್ಲ ಬತ್ತಿಹೋಗೋದು, ಮಾಡುವ ಕೆಲಸದಿಂದ ಮನಸ್ಸು ದೂರ ಸರಿದು ತಿರಸ್ಕಾರ ಹುಟ್ಟೋದು, ನನ್ನಿಂದ ಏನೂ ಆಗಲಿಲ್ಲ ಅನ್ನಿಸೋದು. ಮೊದಲನೆಯದು ಎಲ್ಲರಿಗೂ ತಿಳೀತದ. ಎರಡನೆಯದರಲ್ಲಿ ನಾವು ಎಡವಿದ್ದು. ನಮ್ಮ ಗೆಳೆಯ ಬರೋದು ಬಿಡುವ ಮೊದಲು ಒಂದೆರಡು ಸಲ ಅಂದಿದ್ದ: "ಈ ಕೇರಿ ಮಂದಿ ಉದ್ಧಾರ ಆಗಂಗಿಲ್ಲ ಬಿಡ್ರಿ." ನಾವು ಅದನ್ನು ಮೇಲುಜಾತಿಯವರ ಮಾತು ಅಂದುಕೊಂಡೆವು, ಇವನ ತಲೆ ಕೆಟ್ಟಿತು ಅಂದುಕೊಂಡೆವು. ಅದು ರೋಗದ ಗುರುತಾಗಿತ್ತು. ತನ್ನ ಜನವನ್ನು ಎದೆಯಲ್ಲಿಟ್ಟುಕೊಂಡು ತಿರುಗಿದವನ ಬಾಯಲ್ಲಿ ತನ್ನ ಜನದ ಮೇಲೆ ಹೇಸಿಗೆ ಬಂತು ಅಂದರೆ ಅವತ್ತೇ ಅವನ ಕೈಯಿಂದ ಫೈಲು ಇಸಕೋಬೇಕಿತ್ತು. ಅವತ್ತೇ ಮನೆಗೆ ಕಳಿಸಬೇಕಿತ್ತು.

ಇನ್ನೂ ಗುರುತು ಅದಾವ. ಮೊದಲು ಬಂದು ಕಂಬಳಿ ಹಾಸುವವನು ಕೊನೆಗೆ ಬಂದು ಬಾಗಿಲ ಹತ್ತಿರ ಕೂಡೋದು. ಸಣ್ಣ ಮಾತಿಗೆ ಸಿಡಿಯೋದು. ನಸುಕಿಗೆ ಮೂರಕ್ಕೆ ಎಚ್ಚರಾಗಿ ಮತ್ತೆ ಕಣ್ಣು ಮುಚ್ಚದಿರೋದು. ಹೊಟ್ಟೆ ಉರಿ, ತಲೆ ಶೂಲೆ, ದವಾಖಾನೆಯಲ್ಲಿ "ಏನೂ ಇಲ್ಲ" ಅನ್ನೋದು. ಸಂಜೆ ಒಂದು ಪಾಕೀಟು ಬೇಕೇ ಬೇಕು ಅನ್ನಿಸೋದು. ಮತ್ತೊಂದು ಗುರುತು ನಮ್ಮ ಮೈಮೇಲೇ ಕಂಡದ್ದು, ಹೇಳಲಿಕ್ಕೆ ನಾಚಿಕೆ. ಕಳೆದ ವರ್ಷ ಒಂದು ಊರಿನಲ್ಲಿ ನಮ್ಮ ಹುಡುಗನನ್ನು ಕಂಬಕ್ಕೆ ಕಟ್ಟಿ ಹೊಡೆದ ಸುದ್ದಿ ಬಂದಾಗ ನಮಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಇದರ ಮೇಲೆ ಎಷ್ಟು ಸಾಲು ಪದ್ಯ ಆದೀತು ಅಂತ ಮನಸ್ಸು ಎಣಿಸಿತು. ಅವತ್ತು ನಮಗೇ ನಮ್ಮ ಅಂಜಿಕಿ ಬಂತು.

ಕೆಲವರು ಕೇಳುತ್ತಾರೆ, ದುಡಿಮೆ ಎಲ್ಲರಿಗೂ ಐತಿ, ನಿಮಗೇನು ಹೆಚ್ಚಿಂದು? ಹೆಚ್ಚಿಂದು ಐತಿ. ಬಿಸಿಲಿಗಿಂತ ಲೋಟ ಹೆಚ್ಚು ದಣಿಸತದ. ಗದಗಿನಲ್ಲಿ ಬಾಡಿಗೆ ರೂಮು ಕೇಳಲಿಕ್ಕೆ ಹೋದರೆ "ನೀವು ಯಾವ ಪೈಕಿ" ಅಂತಾರ. ಆ ಪ್ರಶ್ನೆ ಬರೋದಕ್ಕಿಂತ ಮೊದಲೇ ನಮ್ಮ ತಲೆ ಉತ್ತರ ಹುಡುಕತಿರತದ. ಯಾವ ಹೋಟೆಲಿಗೆ ಹೋಗಬೇಕು, ಯಾರ ಮನೆಯಲ್ಲಿ ನೀರು ಕೇಳಬಾರದು, ಕಚೇರಿಯಲ್ಲಿ ಯಾವ ಮಾತಿಗೆ ನಕ್ಕು ಸುಮ್ಮನಿರಬೇಕು.... ದಿನಾ ಈ ಲೆಕ್ಕ. ಸಂಬಳ ಇಲ್ಲದ ಗುಮಾಸ್ತಿಕಿ ಇದು, ಹುಟ್ಟಿದಾಗಿಂದ ಸಾಯೋ ತನಕ. ಶಾಲೆಯ ಬಿಸಿಯೂಟ ಮಾಡುವ ನಮ್ಮ ತಾಯಂದಿರನ್ನು ಕೇಳ್ರಿ. ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ದಲಿತ ಹೆಣ್ಣುಮಗಳು ಅಡಿಗೆ ಮಾಡುತ್ತಾಳೆಂದು ಮಕ್ಕಳನ್ನು ಶಾಲೆಯಿಂದಲೇ ಬಿಡಿಸಿದ ಸುದ್ದಿ 2015ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಯಾರೂ ಉಣ್ಣದ ಅನ್ನಕ್ಕೆ ಮುಂಜಾನೆದ್ದು ಒಲೆ ಹಚ್ಚುವ ಕೈ ಎಷ್ಟು ಭಾರಾಗಿರಬೇಕು? ನಮ್ಮ ಲಕ್ಷ್ಮೇಶ್ವರದ ಆಚೆಗೇ ಸವಣೂರು. 2010ರ ಜುಲೈಯಲ್ಲಿ ಅಲ್ಲಿಯ ಭಂಗಿ ಕುಟುಂಬದವರು ಇದ್ದ ಜಾಗ ಬಿಡಿಸುತ್ತಾರೆಂದು ಪುರಸಭೆಯ ಮುಂದೆ ಮಲವನ್ನು ತಮ್ಮ ಮೈಮೇಲೆ ತಾವೇ ಸುರಿದುಕೊಂಡರು. ನಾಡೆಲ್ಲ ಬೆಚ್ಚಿತು. ಅರ್ಜಿ ಕೊಟ್ಟು ಕೊಟ್ಟು ಮಾತೇ ಸಾಕಾದ ಜನ ಅವರು.

ಕೋರ್ಟಿನ ದಣಿವು ಇನ್ನೊಂದು. ಪಕ್ಕದ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ನಮ್ಮವರ ಗುಡಿಸಲು ಸುಟ್ಟರು. ಕ್ಷೌರದಂಗಡಿ, ಹೋಟೆಲಿನೊಳಗೆ ಬಿಟ್ಟುಕೊಳ್ಳದ ಜಗಳ ಅದರ ಹಿಂದೆ ಇತ್ತು. ತೀರ್ಪು ಬಂದದ್ದು 2024ರ ಅಕ್ಟೋಬರ್‌ನಲ್ಲಿ. 101 ಮಂದಿ ತಪ್ಪಿತಸ್ಥರು, 98 ಮಂದಿಗೆ ಜೀವಾವಧಿ. ನಾವೆಲ್ಲ ಪೇಢೆ ಹಂಚಿದೆವು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಕೊಟ್ಟಿತು. ಪೇಢೆ ಹಂಚುವಾಗ ನಾವು ಒಂದು ಲೆಕ್ಕ ಮಾಡಲಿಲ್ಲ. ಹತ್ತು ವರ್ಷ ಸಾಕ್ಷಿಗಳು ಹ್ಯಾಂಗ ಬದುಕಿದರು? ಅದೇ ಊರು, ಅದೇ ಓಣಿ, ಅದೇ ಹೊಲದ ಕೂಲಿ. ತಾರೀಖು ಬಂದಾಗೆಲ್ಲ ಕೂಲಿ ಬಿಟ್ಟು ಹೋಗಬೇಕು, ಸುಟ್ಟದ್ದನ್ನು ಮತ್ತೆ ನೆನಪು ಮಾಡಿಕೊಂಡು ಹೇಳಬೇಕು. ಆದರೂ ಅವರು ನಿಂತರು. ಕಂಬಾಲಪಲ್ಲಿಯಲ್ಲಿ ಹಾಗಾಗಲಿಲ್ಲ. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಸಾಕ್ಷಿ ತಿರುಗಿದ ಅಂದ ಕೂಡಲೇ ನಾವು ರೊಕ್ಕ ಅಂತೀವಿ, ಅಂಜಿಕಿ ಅಂತೀವಿ. ಇರಬಹುದು. ಒಂಟಿಯಾಗಿ ವರ್ಷಗಟ್ಟಲೆ ನಿಂತವರ ಮನಸ್ಸು ಬತ್ತೋದನ್ನೂ ಆ ಲೆಕ್ಕಕ್ಕೆ ಸೇರಿಸಬೇಕು ಅಂತ ನಮ್ಮ ವಾದ.

ಈ ಮಾತನ್ನೆಲ್ಲ ಮೊನ್ನೆ ಕಟ್ಟೆಯ ಮೇಲೆ ಆಡುತ್ತಿದ್ದಾಗ ಅಲ್ಲೇ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಆಯಿ ಒಬ್ಬಾಕಿ ಅಂದಳು: "ತಮ್ಮಾ, ನಿಮಗ ದಣಿವಾದ್ರ ಸಭಾ ಮಾಡ್ತೀರಿ. ನಮಗ ದಣಿವಾದ್ರ ಒಲಿ ಹಚ್ಚತೀವಿ." ಎಲ್ಲರೂ ನಕ್ಕರು. ನಕ್ಕು ಮರೆಯುವ ಮಾತಲ್ಲ ಅದು. ನಸುಕಿಗೆ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದು, ನೀರು ತುಂಬಿ, ಟಂಟಂ ಹತ್ತಿ, ಹೊಲದಲ್ಲಿ ಕಸ ತೆಗೆದು, ಸಂಜೆಗೆ ಬಂದರೆ ಕಿರುಸಾಲದ ಸಂಘದವನು ವಾರದ ಕಂತಿಗೆ ಬಾಗಿಲಲ್ಲಿ ನಿಂತಿರುತ್ತಾನೆ. ಕಂತು ಕಟ್ಟದವಳ ಮಾನ ಓಣಿಯಲ್ಲಿ ಹರಾಜು. ಎಷ್ಟೋ ಜೀವ ಹೋದ ಮೇಲೆ 2025ರಲ್ಲಿ ನಮ್ಮ ಸರಕಾರ ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯುವ ಕಾನೂನು ತಂದಿತು. ಛಲೋ ಆತು. ಕಾನೂನು ಅಂವನ ಬಾಯಿಗೆ ಬೀಗ ಹಾಕಬಹುದು, ಆದರೆ ರಾತ್ರಿ ಆಕಿಯ ತಲೆಯೊಳಗೆ ನಡೆಯುವ ಕಂತಿನ ಲೆಕ್ಕ ನಿಲ್ಲಿಸೋದಿಲ್ಲ. ನಾವು ಚಳವಳಿಯವರು ಆಕಿಗೆ ಏನು ಕೊಟ್ಟೀವಿ? ಸಭೆಗೆ ಬಾ ಅಂತ ಕರೆದು ಚಹಾ ಮಾಡಿಸೀವಿ.

ವಿಶ್ರಾಂತಿ ಅಂದರೆ ಉಳ್ಳವರ ಸೊಕ್ಕು ಅಂತ ನಮ್ಮೊಳಗೆ ಒಂದು ಭಾವನೆ ಐತಿ. ಅವರು ಗೋವಾಕ್ಕೆ ಆರಾಮ ಮಾಡಲಿಕ್ಕೆ ಹೋಗುತ್ತಾರೆ, ನಮ್ಮ ಮುಂಡರಗಿ, ಶಿರಹಟ್ಟಿ ಕಡೆಯವರು ಅದೇ ಗೋವಾಕ್ಕೆ ಇಟ್ಟಿಗೆ ಹೊರಲಿಕ್ಕೆ ಹೋಗುತ್ತಾರೆ. ಹಾಗಾಗಿ ಆ ಭಾವನೆ ಬಂದದ್ದರಲ್ಲಿ ತಪ್ಪಿಲ್ಲ. ಆದರೆ ಈ ದೇಶದಲ್ಲಿ ವಾರಕ್ಕೊಂದು ರಜೆ ಯಾರು ತಂದರು? ಜೋತಿಬಾ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆ. ಬೊಂಬಾಯಿ ಗಿರಣಿ ಕಾರ್ಮಿಕರನ್ನು ಕಟ್ಟಿ, ವರ್ಷಗಟ್ಟಲೆ ಕೇಳಿ, 1890ರ ಜೂನ್ 10ರಂದು ಭಾನುವಾರದ ರಜೆ ಗಿಟ್ಟಿಸಿದರು. ಗಿರಣಿ ಕೆಲಸಗಾರನ ವಾರವನ್ನು 54 ಗಂಟೆಯಿಂದ 48 ಗಂಟೆಗೆ ಇಳಿಸಿದ 1946ರ ತಿದ್ದುಪಡಿಯ ಹಿಂದೆ ಆಗಿನ ಕಾರ್ಮಿಕ ಖಾತೆಯ ಬಾಬಾಸಾಹೇಬರು ಇದ್ದರು. ಬಿಡುವು ನಮ್ಮವರು ಹೋರಾಡಿ ಪಡೆದ ಹಕ್ಕು. ಹೊಲದ ಕೂಲಿಗೆ, ಮನೆಯ ಒಲೆಗೆ, ಚಳವಳಿಗೆ ಮಾತ್ರ ಅದು ಇನ್ನೂ ಬಂದಿಲ್ಲ.

ಬಾಬಾಸಾಹೇಬರು ದಣಿಯಲಿಲ್ಲವೇ? ನಮ್ಮ ಮೂರ್ತಿಗಳಲ್ಲಿ ಅವರು ಯಾವಾಗಲೂ ಬೆರಳೆತ್ತಿ ನಿಂತಿರುತ್ತಾರೆ. ಕೂತದ್ದು ಕಡಿಮೆ. 1927ರಲ್ಲಿ ಶುರುವಾದ 'ಬಹಿಷ್ಕೃತ ಭಾರತ'ದ ಅಂಕಣಗಳನ್ನು ಹೆಚ್ಚುಕಡಿಮೆ ಒಬ್ಬರೇ ಬರೆದು ತುಂಬುತ್ತಿದ್ದರು, 1929ರಲ್ಲಿ ಅದು ನಿಂತಿತು. 1935ರ ಮೇ ತಿಂಗಳಲ್ಲಿ ರಮಾಬಾಯಿ ತೀರಿಕೊಂಡಾಗ ದುಃಖದಲ್ಲಿ ಮುಳುಗಿ ಕೆಲಕಾಲ ಮಂದಿಯಿಂದ ದೂರ ಉಳಿದರು. ಅದೇ ಅಕ್ಟೋಬರ್‌ನಲ್ಲಿ ಯೇವಲಾದಲ್ಲಿ ಹಿಂದೂ ಧರ್ಮ ಬಿಡುವ ಘೋಷಣೆ ಮಾಡಿದವರೂ ಅವರೇ. ಕೊನೆಯ ವರ್ಷಗಳಲ್ಲಿ ಸಕ್ಕರೆ ಕಾಯಿಲೆ, ನರಗಳ ನೋವು. ಅಷ್ಟರೊಳಗೂ ವಯಸ್ಸಾದ ಮೇಲೆ ಪಿಟೀಲು ಕಲಿಯಲಿಕ್ಕೆ ಕೂತರು. ಪಿಟೀಲು ಹಿಡಿದ ಬಾಬಾಸಾಹೇಬರ ಮೂರ್ತಿ ಒಂದು ಕೇರಿಯಲ್ಲಾದರೂ ಇರಬೇಕು ಅಂತ ನಮಗೆ ಬಹಳ ಆಸೆ.

ಹಲಗಿ ಬಡಿಯುವವರು ಇಲ್ಲಿ ಕೂತಾರ, ಅವರಿಗೆ ಗೊತ್ತು. ತೊಗಲು ತಣ್ಣಗಾಗಿ ಸಡಿಲಾದ ಮೇಲೆ ಎಷ್ಟು ಜೋರಾಗಿ ಬಡಿದರೂ ದನಿ ಬರೋದಿಲ್ಲ. ಬಡಿಯೋದು ನಿಲ್ಲಿಸಿ ಬೆಂಕಿಗೆ ಹಿಡಿದು ಕಾಸಬೇಕು. ಕಾಸುವಾಗ ಹಲಗಿ ಸೋತೈತಿ ಅಂತ ಯಾರೂ ಬೈಯೋದಿಲ್ಲ. ಬುದ್ಧನ ಭಿಕ್ಕುಗಳು ಊರೂರು ತಿರುಗುವವರು, ಆದರೂ ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನಿಲ್ಲುತ್ತಿದ್ದರು. ಅದಕ್ಕೆ ವರ್ಷಾವಾಸ ಅಂತಾರ. ಇದು ದೂರದ ಮಾತಲ್ಲ. ನಮ್ಮದೇ ತಾಲೂಕಿನ ಡಂಬಳದಲ್ಲಿ ಬೌದ್ಧ ವಿಹಾರ, ತಾರಾದೇವಿಯ ಗುಡಿ ಇದ್ದವು ಅಂತ 1095ರ ಶಾಸನ ಹೇಳುತ್ತದೆ. ಆ ವಿಹಾರದಲ್ಲೂ ಮಳೆಗಾಲಕ್ಕೆ ಭಿಕ್ಕುಗಳು ನಿಂತಿರಬೇಕು.

ಅದಕ್ಕೆ ನಮ್ಮ ಬಳಗದಲ್ಲಿ ಕೆಲವು ಕಟ್ಟು ಮಾಡಿಕೊಂಡೀವಿ. ಒಂದು ಕೇಸಿಗೆ ಒಬ್ಬನೇ ಇರಬಾರದು, ಇಬ್ಬರು ಇರಬೇಕು. ಆರು ತಿಂಗಳಾದ ಮೇಲೆ ಬದಲಿ. ರಾತ್ರಿಯ ಫೋನು ಪಾಳಿಯ ಮೇಲೆ. ಪಾಳಿ ಇಲ್ಲದವರು ಬಂದು ಮಾಡಿ ಮಲಗಬೇಕು, ಮಲಗಿದ್ದಕ್ಕೆ ಮರುದಿನ ಯಾರೂ ಕೇಳಬಾರದು. ಯಾರಿಗಾದರೂ ಸಾಕಾತು ಅನ್ನಿಸಿದರೆ ಮೂರು ತಿಂಗಳು ವರ್ಷಾವಾಸ, ಕಾರಣ ಬರೆದು ಕೊಡೋದು ಬೇಕಿಲ್ಲ. ಸಭೆಯ ದಿನ ಚಹಾ ಗಂಡಸರದು. (ಮೊದಲ ಸಲ ಸಕ್ಕರೆ ಬದಲು ಉಪ್ಪು ಬಿದ್ದಿತ್ತು, ಅದನ್ನೂ ಕುಡಿದೆವು.) ತಿಂಗಳಿಗೊಮ್ಮೆ ಘೋಷಣೆ ಇಲ್ಲದ ಒಂದು ಸಂಜೆ. ಹಾಡು, ಹಲಗಿ, ಹುಡುಗರ ಕೋಲಾಟ, ಅಷ್ಟೇ. ಅತ್ಯಾಚಾರ, ಕೊಲೆಯ ಮನೆಗೆ ಹೋಗಿ ಬಂದವರು ಅವತ್ತೇ ತಮ್ಮ ಮನೆಗೆ ಹೋಗಬಾರದು. ಮೊದಲು ಕೂತು ಕಂಡದ್ದನ್ನು ಹೇಳಬೇಕು, ಉಳಿದವರು ಬಾಯಿ ಮುಚ್ಚಿಕೊಂಡು ಕೇಳಬೇಕು. ಈ ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ನಮಗೆ ಮಾತಾಡಲಿಕ್ಕೆ ಬರುತ್ತದೆ, ಕೇಳಲಿಕ್ಕೆ ಬರೋದಿಲ್ಲ.

ಇಷ್ಟಕ್ಕೂ ಇಳಿಯದ ದಣಿವು ಇರುತ್ತದೆ. ಹದಿನೈದು ದಿನ ನಿದ್ದೆ ಇಲ್ಲ, ಊಟ ಸೇರೋದಿಲ್ಲ, ಸತ್ತರೆ ಛಲೋ ಅನ್ನೋ ವಿಚಾರ ಬಂತು ಅಂದರೆ ಅದು ಗೆಳೆಯರ ಕೈಯಲ್ಲಿ ಆಗೋ ಕೆಲಸ ಅಲ್ಲ, ಡಾಕ್ಟರ ಕೈಯದು. ಒಂಟಿಯಾಗಿ ಬಿಡಬ್ಯಾಡ್ರಿ, ಸಂಗಾಟ ಹೋಗ್ರಿ. 14416 ಅನ್ನೋ ಟೆಲಿ ಮಾನಸ್ ನಂಬರು 2022ರ ಅಕ್ಟೋಬರಿನಿಂದ ಐತಿ. ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಗೆ ಹೋದರೆ ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ಹುಚ್ಚರ ಡಾಕ್ಟರು ಅಂತ ಮೂಗು ಮುರೀಬ್ಯಾಡ್ರಿ. ಮನಸ್ಸಿನ ಔಷಧಿಯನ್ನು ಹಳ್ಳಿಯ ಸರಕಾರಿ ದವಾಖಾನೆಗೇ ತರಬಹುದು ಅಂತ ಬೆಂಗಳೂರಿನ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಹೊಳಿಯಾಚೆಯ ಹಡಗಲಿ ಆಗ ಅದೇ ಜಿಲ್ಲೆಯೊಳಗೆ ಇತ್ತು. ದೇಶಕ್ಕೆಲ್ಲ ಅದೇ ಮಾದರಿ ಆತು. ದಾಟಿದರೆ ಸಿಗುವ ಊರಿನ ಮಾತು ಇದು.

ನಮ್ಮ ಗೆಳೆಯ ಗದಗಿನ ಡಾಕ್ಟರ ಹತ್ತಿರ ಹೋದ. ಗುಳಿಗೆ ತಗೊಂಡ. ಮೂರು ತಿಂಗಳು ನಾವು ಅವನ ಮುಂದೆ ಸಂಘದ ಮಾತೇ ಎತ್ತಲಿಲ್ಲ, ಸಂಜೆ ಹೋಗಿ ಕಟ್ಟೆಯ ಮೇಲೆ ಕೂತು ಬರುತ್ತಿದ್ದೆವು. ಮೊದಮೊದಲು ಅವನು ಮಾತಾಡುತ್ತಿರಲಿಲ್ಲ. ನಾವೂ ಏನು ಆಡಬೇಕು ತಿಳಿಯದೆ ಕಪ್ಪತಗುಡ್ಡದ ಕಡೆ ತಿರುಗುವ ಗಾಳಿಪಂಖ ಎಣಿಸುತ್ತಿದ್ದೆವು. ಗೌಡರ ಹೊಲದ ಸುದ್ದಿ ಸುಳ್ಳು, ರೊಕ್ಕದ ಸುದ್ದಿಯೂ ಸುಳ್ಳು. ಕ್ಷಮಿಸು ಅಂದೆವು. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮತ್ತೊಂದು ಸಂಜೆ ತಾನೇ ಕೇಳಿದ: "ಆ ಪದಾ ಇನ್ನೊಮ್ಮೆ ಹೇಳ್ರಿ ನೋಡೂಣು." ನಮ್ಮ ಗಂಟಲು ಕಟ್ಟಿತು. ಹೇಳಲಿಕ್ಕೆ ಆಗಲಿಲ್ಲ. "ಧಾಟಿ ಛಲೋ ಐತಿ. ಮಾತು ಬದಲ ಮಾಡ್ರಿ" ಅಂದ.

ಮಾತು ಇನ್ನೂ ಕೂಡಿ ಬಂದಿಲ್ಲ. ಬರೀಲಿಕ್ಕೆ ಹತ್ತೀವಿ. ಈಗ ಅವನು ಮಂಗಳವಾರ ಒಂದು ದಿನ ಬರುತ್ತಾನೆ, ಹಾಸ್ಟೆಲ್ ಹುಡುಗರ ಅರ್ಜಿ ಮಾತ್ರ ನೋಡುತ್ತಾನೆ. ಅಷ್ಟೇ ಸಾಕು. ಅವನನ್ನು ವೇದಿಕೆಗೆ ಕರೀಬ್ಯಾಡ್ರಿ, ಹಾರ ಹಾಕಬ್ಯಾಡ್ರಿ.

ಇನ್ನೊಂದು ಮಾತು. ಇದೇ ಸೋಮವಾರ ಗದಗ ಕೋರ್ಟಿನಲ್ಲಿ ನಮ್ಮ ಕೇಸಿನ ತಾರೀಖು ಐತಿ. ಸಾಕ್ಷಿ ಹೇಳುವ ಕಾಕಾನ ಸಂಗಾಟ ಇಬ್ಬರು ಹೋಗಬೇಕು, ಅವತ್ತು ಅವನ ಎಮ್ಮೆ ನೋಡಿಕೊಳ್ಳಲಿಕ್ಕೆ ಒಬ್ಬರು ಬೇಕು, ಕಾಕಾನ ಕೂಲಿಯ ರೊಕ್ಕ ಕೂಡಿಸಬೇಕು. ಪಾಳಿಯ ವಹಿ ಬಾಗಿಲ ಹತ್ತಿರ ಇಟ್ಟೀವಿ. ಹೋಗುವ ಮುಂದ ಹೆಸರು ಬರಸ್ರಿ. ಹೋದ ಸಲ ಬರೆಸಿದವರು ಈ ಸಲ ಬ್ಯಾಡ.

ಜೈ ಭೀಮ್.